ಮಸಿಯ ಮೂವತ್ತೊಂದು ದಿನಗಳು

2023ರ ಅಕ್ಟೋಬರ್ ತಿಂಗಳಿಡೀ ನಮ್ಮ ಮನೆಯಲ್ಲಿ ದಿನಕ್ಕೊಂದು ಮಸಿಯ ಚಿತ್ರ ಸಿದ್ಧವಾಯಿತು. ತೆಂಗು, ಅಡಿಕೆ, ರಾಗಿಯ ಲೆಕ್ಕಾಚಾರದಲ್ಲೇ ದಿನ ಕಳೆಯುವ ಬಾಗೂರಿನ ಮನೆಗೆ ಇದಕ್ಕೆಲ್ಲ ಬಿಡುವು ಹೇಗೆ ದೊರೆಯಿತೆಂದು ಹೊಸದುರ್ಗದ ಬಂಧುಗಳು ವಿಚಾರಿಸಿದರು. ಇನ್ನು ಕೆಲವರು ದನಿ ತಗ್ಗಿಸಿ ಬೇರೊಂದು ಪ್ರಶ್ನೆ ಕೇಳಿದರು: ನಮ್ಮಂಥವರು ಚಿತ್ರ ಬರೆಯಬಹುದೇ? ಮೊದಲನೆಯದಕ್ಕೆ ಉತ್ತರ ಸುಲಭ. ಮಗ್ರಿಬ್ ಮತ್ತು ಇಶಾ ನಮಾಝ್‌ಗಳ ನಡುವೆ ಟಿ.ವಿ.ಗೂ ಮೊಬೈಲಿಗೂ ಸಲ್ಲುತ್ತಿದ್ದ ಹೊತ್ತು ಎಲ್ಲ ಮನೆಗಳಂತೆ ನಮ್ಮ ಮನೆಯಲ್ಲೂ ಇತ್ತು. ಎರಡನೆಯ ಪ್ರಶ್ನೆಯೊಡನೆ ನಾವು ಮೂವತ್ತೊಂದು ದಿನ ಒಂದೇ ಸೂರಿನಡಿ ಬಾಳಿದೆವು. ಆ ಬಾಳುವೆಯ ವೃತ್ತಾಂತವೇ ಈ ಬರಹ. ಇದನ್ನು ಯಾರೂ ಧಾರ್ಮಿಕ ತೀರ್ಪೆಂದು ಭಾವಿಸಬಾರದು. ತೀರ್ಪು ಹೇಳುವ ವಿದ್ಯೆ ನಮಗಿಲ್ಲ.

ಈ ಪದ್ಧತಿಗೆ ‘ಇಂಕ್ಟೋಬರ್’ ಎಂದು ಹೆಸರು. ಜೇಕ್ ಪಾರ್ಕರ್ ಎಂಬ ಅಮೆರಿಕದ ಚಿತ್ರಕಾರರು 2009ರಲ್ಲಿ ತಮ್ಮ ಮಸಿಗೆಲಸ ಸುಧಾರಿಸಲಿ, ದಿನವೂ ಚಿತ್ರಿಸುವ ರೂಢಿಯಾಗಲಿ ಎಂದು ಅಕ್ಟೋಬರ್ ತಿಂಗಳ ಪ್ರತಿದಿನ ಒಂದು ಚಿತ್ರ ಬರೆಯಲು ತೊಡಗಿದರು. ಮುಂದೆ ಲೋಕದ ಅನೇಕ ದೇಶಗಳವರು ಅವರೊಡನೆ ಸೇರಿಕೊಂಡರು. 2016ರಿಂದ ಪ್ರತಿ ವರ್ಷ ಮೂವತ್ತೊಂದು ಪದಗಳ ಪಟ್ಟಿಯೊಂದು ಪ್ರಕಟವಾಗುತ್ತದೆ. ದಿನಕ್ಕೊಂದು ಪದ, ಆ ಪದಕ್ಕೊಂದು ಚಿತ್ರ. ಮೊದಲು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳಬಹುದು, ಆದರೆ ಚಿತ್ರ ಮುಗಿಯಬೇಕಾದದ್ದು ಮಸಿಯಲ್ಲಿ. ಬಹುಮಾನವಿಲ್ಲ, ಪರೀಕ್ಷಕರಿಲ್ಲ. ಬರೆದುದನ್ನು ನಾಲ್ವರಿಗೆ ತೋರಿಸಬೇಕೆಂಬುದು ಮಾತ್ರ ಅದರ ಕ್ರಮ.

ಒಂಬತ್ತನೇ ತರಗತಿಯಲ್ಲಿದ್ದ ನಮ್ಮ ಮಗಳು ಆ ವರ್ಷದ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿಕೊಂಡು ತಂದಳು. ಕನಸು, ಜೇಡಗಳು, ದಾರಿ ಎಂದು ಆರಂಭವಾಗಿ ಬೆಂಕಿ ಎಂಬಲ್ಲಿಗೆ ಮುಗಿಯುವ ಪಟ್ಟಿ. ಆರನೇ ತರಗತಿಯ ಅವಳ ತಮ್ಮ ತಾನೂ ಸೇರುವೆನೆಂದ. ಮಕ್ಕಳ ದಾದಾ ಆ ಹಾಳೆಯನ್ನು ಕನ್ನಡಕ ಏರಿಸಿ ಓದಿದರು. ಬೆರಳನ್ನು ಒಂದೊಂದೇ ಸಾಲಿನ ಮೇಲೆ ಜಾರಿಸಿ ನಾಲ್ಕು ಕಡೆ ನಿಲ್ಲಿಸಿದರು. 2ನೇ ತಾರೀಖು ಜೇಡ, 8ಕ್ಕೆ ನೆಲಗಪ್ಪೆ, 16ಕ್ಕೆ ದೇವಚರ, ಅಂದರೆ ಮಲಕ್, 27ಕ್ಕೆ ಮೃಗ. “ಇವು ನಾಲ್ಕೂ ನನ್ನ ಮನೆಯಲ್ಲಿ ಬೇಡ, ಬೇಟಿ” ಎಂದರು. 17ನೆಯ ದಿನದ ‘ದೆವ್ವ’ದ ಬಗ್ಗೆ ಅವರೇನೂ ಹೇಳಲಿಲ್ಲ. ಅದನ್ನು ಹೇಳುವ ಅಗತ್ಯವೇ ಇಲ್ಲವೆಂದು ಅವರು ಎಣಿಸಿದ್ದಿರಬೇಕು.

ದಾದಾ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿ ಖಿರ್ದಿ ಬರೆದವರು. ಕೈಬರಹವೆಂದರೆ ಅವರಿಗೆ ಪ್ರಾಣ. ಜೀವಿಗಳ ರೂಪ ಬರೆಯುವುದರ ಕುರಿತು ಹದೀಸ್‌ಗಳಲ್ಲಿ ಬಂದಿರುವ ಎಚ್ಚರಿಕೆಗಳನ್ನು ಅವರು ಅಕ್ಷರಶಃ ನಂಬಿ ನಡೆಯುವವರು. ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿರುವುದು ಓದುಗರಿಗೆ ತಿಳಿದದ್ದೇ. ಜೀವವುಳ್ಳ ಯಾವುದರ ಚಿತ್ರವೂ ಸಲ್ಲದೆನ್ನುವವರಿದ್ದಾರೆ. ನಿಷೇಧವು ವಿಗ್ರಹಗಳಿಗೂ ಆರಾಧನೆಗೆ ದಾರಿಯಾಗುವ ರೂಪಗಳಿಗೂ ಸಂಬಂಧಿಸಿದ್ದೆಂದು, ಹಾಳೆಯ ಮೇಲಿನ ಚಿತ್ರಕ್ಕೆ ಅದು ಅನ್ವಯಿಸದೆಂದು ಹೇಳುವವರೂ ಇದ್ದಾರೆ. ಹಝ್ರತ್ ಆಯಿಶಾ(ರ) ಅವರ ಗೊಂಬೆಗಳ ಪ್ರಸ್ತಾಪವನ್ನು ಆಧಾರವಾಗಿಟ್ಟು ಮಕ್ಕಳಿಗೆ ವಿನಾಯಿತಿ ನೀಡುವವರು ಮತ್ತೊಂದಷ್ಟು ಮಂದಿ. ನಮ್ಮ ಮಗಳು ಇವನ್ನೆಲ್ಲ ಓದಿಕೊಂಡೇ ಬಂದಿದ್ದಳು. ಜೊತೆಗೆ ಕರ್ನಾಟಕದ ಪಾಠವನ್ನೂ ಒಪ್ಪಿಸಿದಳು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವೇ ಚಿತ್ರಿತವಾಗಿಲ್ಲವೇ? ಆನೆ, ಕುದುರೆ, ಸಿಪಾಯಿಗಳು ಸಾಲುಗಟ್ಟಿ ನಿಂತಿಲ್ಲವೇ? ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ್ ಚಿತ್ರಕಾರರಿಗೆ ಆಶ್ರಯ ನೀಡಲಿಲ್ಲವೇ?

ದಾದಾ ಸಾವಧಾನದಿಂದ ಕೇಳಿದರು. “ಅರಸರು ಮಾಡಿದ್ದೆಲ್ಲ ದೀನ್ ಆಗುವುದಿಲ್ಲ ಬೇಟಿ. ಅದೇ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೋಡಿದ್ದೀಯಾ? ಕಲ್ಲಿನ ಜಾಲಂದ್ರವನ್ನೇ ಅಕ್ಷರವಾಗಿ ಕೊರೆದಿದ್ದಾರೆ. ಬೆಳಕು ಅಕ್ಷರದ ಸಂದಿಯಿಂದ ಒಳಗೆ ಬರುತ್ತದೆ” ಎಂದರು. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚುಗಳ ಮೇಲೆ ಉಳಿದಿರುವ ಬರಹವನ್ನೂ ನೆನಪಿಸಿದರು. ಕೊನೆಗೆ ಚಿತ್ರಕಾರನೊಬ್ಬನಿಗೆ ಇಬ್ನು ಅಬ್ಬಾಸ್(ರ) ಅವರು ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆದು ಬದುಕುವಂತೆ ತಿಳಿಸಿದ ಪ್ರಸಂಗವನ್ನು ಹೇಳಿದರು. ಅಲ್ಲಿಗೆ ಒಂದು ಕರಾರು ಏರ್ಪಟ್ಟಿತು. ಪಡಸಾಲೆಯಲ್ಲಿ ಎಲ್ಲರೂ ಕೂಡಿ ಬರೆಯುವ ಹಾಳೆಗಳಲ್ಲಿ ಜೀವಿಗಳ ರೂಪವಿರುವುದಿಲ್ಲ. ಪದ ಯಾವುದೇ ಬರಲಿ, ಒಂದು ದಿನವನ್ನೂ ಬಿಡುವಂತಿಲ್ಲ. ಮಗಳು ಇದಕ್ಕೆ ಒಪ್ಪಿದ್ದು ತನ್ನ ಅಭಿಪ್ರಾಯ ಬದಲಾಯಿತೆಂದಲ್ಲ, ದಾದಾ ಜೊತೆಯಲ್ಲಿ ಕುಳಿತುಕೊಳ್ಳುವರೆಂದು. ಅದನ್ನು ಅವಳು ಮುಚ್ಚಿಡಲಿಲ್ಲ.

ಮಸಿಯ ಮಾತಿಗೆ ಬರೋಣ, ಏಕೆಂದರೆ ಆ ತಿಂಗಳ ಅತ್ಯಂತ ಸಂತೋಷದ ಕೆಲಸ ಅದೇ ಆಗಿತ್ತು. ಅಂಗಡಿಯಿಂದ ತಂದ ಡ್ರಾಯಿಂಗ್ ಇಂಕಿನ ಸೀಸೆ ಇತ್ತು. ದಾದಾ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. ತಮ್ಮ ಬಾಲ್ಯದಲ್ಲಿ ಮನೆಯಲ್ಲೇ ಮಸಿ ಅರೆಯುತ್ತಿದ್ದ ಕ್ರಮವನ್ನು ಮೊಮ್ಮಕ್ಕಳಿಗೆ ಕಲಿಸಲು ಹೊರಟರು. ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಮಣ್ಣಿನ ತಟ್ಟೆಯನ್ನು ಬೋರಲು ಹಾಕಿ ಮೂರು ರಾತ್ರಿ ಇಟ್ಟದ್ದಾಯಿತು. ತಟ್ಟೆಗೆ ಕಟ್ಟಿದ ಕಾಡಿಗೆಯನ್ನು ಕೋಳಿಗರಿಯಿಂದ ಬಳಿದರೆ ಒಂದು ಚಮಚದಷ್ಟು ಸಿಕ್ಕಿತು. ಹೊಲದ ಬದುವಿನ ಕರಿಜಾಲಿ ಮರದಿಂದ ಗೋಂದು ಬಿಡಿಸಿ ತಂದು ನೀರಿನಲ್ಲಿ ನೆನೆಯಿಟ್ಟೆವು. ಕಾಡಿಗೆಗೆ ಗೋಂದಿನ ನೀರನ್ನು ಹನಿ ಹನಿಯಾಗಿ ಬಿಟ್ಟು ಕಲ್ಲಿನ ಮೇಲೆ ಅರೆಯುವುದು ಬೇಗ ಮುಗಿಯುವ ಕೆಲಸವಲ್ಲ. ಗೋಂದು ಕಡಿಮೆಯಾದರೆ ಒಣಗಿದ ಮೇಲೂ ಮಸಿ ಬೆರಳಿಗಂಟುತ್ತದೆ. ಹೆಚ್ಚಾದರೆ ನಿಬ್ಬಿನಿಂದ ಕೆಳಗಿಳಿಯುವುದಿಲ್ಲ. ಲೋಕದಲ್ಲೆಲ್ಲ ‘ಇಂಡಿಯನ್ ಇಂಕ್’ ಎಂದು ಕರೆಯಲ್ಪಡುವುದು ಮೂಲತಃ ಇದೇ ಕಾಡಿಗೆ ಮತ್ತು ಅಂಟಿನ ಮಿಶ್ರಣ ಎಂಬುದನ್ನು ಕೇಳಿ ಮಗನಿಗೆ ಬಹಳ ಹೆಮ್ಮೆಯಾಯಿತು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಾಡುವ ಇನ್ನೊಂದು ಬಗೆಯ ಮಸಿಯೂ ಉಂಟು. ಅನ್ನಭೇದಿ ಆ ವಾರ ನಮಗೆ ದೊರೆಯದ್ದರಿಂದ ಅದು ಉಳಿದುಹೋಯಿತು. ಕನ್ನಡದಲ್ಲಿ ಪಾತ್ರೆಯ ತಳಕ್ಕಂಟುವುದೂ ಮಸಿ, ಪುಸ್ತಕಕ್ಕೆ ಇಳಿಯುವುದೂ ಮಸಿ. ಈ ಒಂದೇ ಹೆಸರಿನ ಗುಟ್ಟು ನಮಗೆ ಬಿಡಿಸಿಕೊಂಡದ್ದು ಆ ಮಣ್ಣಿನ ತಟ್ಟೆಯ ಮುಂದೆ.

ಪವಿತ್ರ ಕುರ್‌ಆನಿನ 68ನೇ ಅಧ್ಯಾಯಕ್ಕೆ ‘ಅಲ್ ಕಲಮ್’, ಲೇಖನಿ, ಎಂದೇ ಹೆಸರು. ಪ್ರವಾದಿವರ್ಯರಿಗೆ(ಸ) ಮೊಟ್ಟಮೊದಲು ಅವತೀರ್ಣವಾದ ಸೂಕ್ತಗಳಲ್ಲೂ ಲೇಖನಿಯ ಪ್ರಸ್ತಾಪವಿದೆ. ಇದನ್ನೆಲ್ಲ ನಾವು ಮದರಸಾದಲ್ಲಿ ಕಲಿತವರೇ. ಆದರೆ ಬಿದಿರು ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ತುದಿಯನ್ನು ಸೀಳಿ, ತಾನೇ ಅರೆದ ಮಸಿಯಲ್ಲಿ ಅದ್ದಿ ಬರೆದಾಗ ‘ಕಲಮ್’ ಎಂಬ ಪದಕ್ಕೆ ಒಂದು ತೂಕ ಬಂತು.

ಮೊದಲ ದಿನದ ‘ಕನಸು’ ಬೇಗ ಮುಗಿಯಿತು: ಒಂದು ದಿಂಬು. ಎರಡನೆಯ ದಿನ ಜೇಡವಿಲ್ಲದ ಬಲೆಯನ್ನು ಬರೆಯುವುದೆಂದು ತೀರ್ಮಾನವಾಯಿತು. ಬಲೆ ಹುಡುಕಲು ದೂರ ಹೋಗಬೇಕಾಗಿರಲಿಲ್ಲ, ದನದ ಕೊಟ್ಟಿಗೆಯ ಮೂಲೆ ಸಾಕಾಯಿತು. ಜೇಡನ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದ್ದರೂ ಜೇಡನ ಬಲೆಯನ್ನು ಅರ್ಧ ಗಂಟೆ ದಿಟ್ಟಿಸಿ ನೋಡಿದ್ದು ನಾವಾರೂ ಅದೇ ಮೊದಲು. ನಡುವಿನಿಂದ ಹೊರಡುವ ಎಳೆಗಳು ನೇರ, ಅವುಗಳನ್ನು ಸುತ್ತುವ ಎಳೆಗಳು ಒಳಕ್ಕೆ ಬಾಗಿದವು. ಮಗ ಹೊರಕ್ಕೆ ಬಾಗಿಸಿ ಬರೆದಿದ್ದ. ಅಳಿಸುವಂತಿಲ್ಲ, ಅದು ಮಸಿ. ಅವನು ಬ್ಲೇಡಿನಿಂದ ಕೆರೆಯಲು ಹೊರಟಾಗ ದಾದಾ ತಡೆದು ಮಂಡಿಯ ನಿಯಮ ಹೇಳಿದರು. ಖಿರ್ದಿಯಲ್ಲಿ ತಪ್ಪಾದ ಅಂಕಿಯನ್ನು ಕೆರೆಯುವಂತಿಲ್ಲ, ಮೇಲೆ ಬಳಿಯುವಂತಿಲ್ಲ. ಒಂದೇ ಒಂದು ಗೆರೆ ಎಳೆಯಬೇಕು, ಹಳೆಯ ಅಂಕಿ ಓದುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಕೆರೆದ ಪುಸ್ತಕವನ್ನು ಯಾವ ಸೇಠ್ ಕೂಡ ನಂಬುವುದಿಲ್ಲವಂತೆ. ಮಗ ಆ ಹೊರಬಾಗಿದ ಎಳೆಗಳ ಮೇಲೆ ಒಂದೊಂದು ಸಣ್ಣ ಗೆರೆ ಎಳೆದು, ಸರಿಯಾದ ಎಳೆ ಬರೆದು, ಪಕ್ಕದಲ್ಲಿ ಎಂಟು ಸಹಿ ಹಾಕಿದ. ಆ ಚಿತ್ರ ಇವತ್ತಿಗೂ ನಮಗೆ ಅತ್ಯಂತ ಪ್ರಿಯವಾದುದು.

5ನೇ ತಾರೀಖಿನ ನಕ್ಷೆಯಲ್ಲಿ ಬಾಗೂರು ಬಂತು. ಹೊಸದುರ್ಗದ ರಸ್ತೆ, ಮಸೀದಿ, ಚೆನ್ನಕೇಶವ ದೇವಾಲಯ, ಶಾಲೆ, ತೋಟಗಳು. ನಕ್ಷೆ ಬರೆಯುವಾಗ ಪ್ರತಿಯೊಬ್ಬರ ಊರೂ ಬೇರೆ ಬೇರೆಯೆಂಬುದು ಗೊತ್ತಾಯಿತು. ಮಗನ ಬಾಗೂರಿನಲ್ಲಿ ಕ್ರಿಕೆಟ್ ಆಡುವ ಬಯಲೇ ಅರ್ಧ ಹಾಳೆ.

7ರ ಪದ ‘ತೊಟ್ಟಿಕ್ಕು’, 8ರದ್ದು ‘ನೆಲಗಪ್ಪೆ’. ಆ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ವರ್ಷವದು. ಅದಕ್ಕೆ ಹಿಂದಿನ ವರ್ಷವಷ್ಟೇ, 2022ರ ಸೆಪ್ಟೆಂಬರಿನಲ್ಲಿ, 1933ರ ಬಳಿಕ ಮೊದಲ ಬಾರಿಗೆ ಮಾರಿಕಣಿವೆ ಕೋಡಿ ಬಿದ್ದಿತ್ತು. ವಾಣಿವಿಲಾಸ ಸಾಗರದ ಕೋಡಿ ನೋಡಲು ಜಿಲ್ಲೆಗೆ ಜಿಲ್ಲೆಯೇ ಹಿರಿಯೂರಿನ ದಾರಿ ಹಿಡಿದಿತ್ತು. ಒಂದೇ ವರ್ಷದ ಅಂತರದಲ್ಲಿ ನಮ್ಮ ಕೃಷಿಹೊಂಡದ ತಳ ಬಿರುಕು ಬಿಟ್ಟು ನಿಂತಿತು. 7ರಂದು ಮಗಳು ನಲ್ಲಿಯನ್ನು ಬರೆದಳು, ಹನಿಯನ್ನು ಬರೆಯಲಿಲ್ಲ. ಮರುದಿನ ಹೊಂಡದ ಬಿರುಕುಗಳನ್ನೂ ಅವುಗಳ ನಡುವೆ ಒಂದು ಸಣ್ಣ ಬಿಲವನ್ನೂ ಬರೆದಳು. ಕಪ್ಪೆ ಎಲ್ಲಿ ಎಂದು ನೆರೆಯ ಮನೆಯ ಹುಡುಗ ಕೇಳಿದ್ದಕ್ಕೆ “ಒಳಗಿದೆ, ಮಳೆ ಬಂದರೆ ಹೊರಗೆ ಬರುತ್ತದೆ” ಎಂದಳು. ದಾದಾ ನಕ್ಕರು. ನಗುವಿನ ಹಿಂದೆಯೇ ಮಳೆಗಾಗಿ ದುಆ ಮಾಡಿದರು.

ದಸರಾ ರಜೆಯಲ್ಲಿ, 14ನೇ ಶನಿವಾರ, ‘ಕೋಟೆ’ ಎಂಬ ಪದ ಬಂದದ್ದು ಮಕ್ಕಳ ಭಾಗ್ಯ. ಎಲ್ಲರೂ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆವು. ಏಳು ಸುತ್ತಿನ ಕೋಟೆಯನ್ನು ಒಂದು ಹಾಳೆಗೆ ಇಳಿಸುವುದು ಸಾಧ್ಯವಿಲ್ಲ. ಮಗಳು ಓಬವ್ವನ ಕಿಂಡಿಯ ಮುಂದೆ ಕುಳಿತಳು. ಅಲ್ಲಿ ಕಾಲಿಡುವ ಯಾವ ಮುಸ್ಲಿಂ ಕುಟುಂಬದ ಮಕ್ಕಳೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯನ್ನು ನಮ್ಮ ಮಗನೂ ಕೇಳಿದ. ಕಿಂಡಿಯಿಂದ ನುಸುಳಿ ಬಂದವರು ಹೈದರಾಲಿಯ ಸೈನಿಕರು, ಅವರನ್ನು ಒನಕೆಯಿಂದ ಬಡಿದು ಕೆಡವಿದವಳು ಓಬವ್ವ. ಹಾಗಾದರೆ ನಾವು ಯಾರ ಕಡೆ? ಶಾಲೆಯಲ್ಲಿ ಯಾರಾದರೂ ಕೇಳಿದ್ದರೇ, ಅವನಿಗೇ ತೋಚಿತೇ, ನಮಗೆ ತಿಳಿಯದು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದದ್ದು, ಕೊನೆಯ ಮದಕರಿ ನಾಯಕರು ಸೆರೆಯಾದದ್ದು ಇತಿಹಾಸ. ನಾವು ಉತ್ತರ ಹುಡುಕುತ್ತಿರುವಾಗಲೇ ದಾದಾ ಹೇಳಿಬಿಟ್ಟರು: “ಗಂಡ ಉಣ್ಣಲು ಕೂತಿದ್ದ. ಅವನ ಊಟ ಕೆಡಿಸಬಾರದೆಂದು ಅವಳೇ ಎದ್ದಳು. ನಿನ್ನ ದಾದಿಯೂ ಹಾಗೇ. ನಾವು ದುರ್ಗದವರು, ಓಬವ್ವ ನಮ್ಮವಳು.” ಮಗನಿಗೆ ಸಮಾಧಾನವಾಯಿತು. ಮಗಳು ಕಿಂಡಿಯ ಕತ್ತಲೆಯನ್ನು ಗೆರೆಯ ಮೇಲೆ ಗೆರೆ, ಅದರ ಮೇಲೆ ಅಡ್ಡಗೆರೆ ಹಾಕಿ ತುಂಬಿದಳು. ಬಂಡೆಗೆ ಒಂದು ಒನಕೆ ಒರಗಿಸಿದಳು. ಓಬವ್ವನೂ ಇಲ್ಲ, ಸೈನಿಕರೂ ಇಲ್ಲ.

ಎಲ್ಲರೂ ಕಾದಿದ್ದ 16ನೇ ದಿನ ಬಂತು. ಮಲಕ್‌ಗಳನ್ನು ಬರೆಯುವ ಮಾತೇ ಇಲ್ಲ. ಅದನ್ನು ಮಗಳೂ ಬಯಸಿರಲಿಲ್ಲ. ಪ್ರಕಾಶದಿಂದ ಸೃಷ್ಟಿಸಲ್ಪಟ್ಟವರಿಗೆ ಕಪ್ಪು ಮಸಿಯಲ್ಲಿ ರೂಪ ಕೊಡುವ ಧೈರ್ಯ ಯಾರಿಗಿದೆ? ಹಾಳೆಯನ್ನು ಖಾಲಿ ಬಿಟ್ಟರೆ ಕರಾರು ಮುರಿಯುತ್ತದೆ. ಮಗ ರೆಕ್ಕೆ ಬರೆಯೋಣವೆಂದ, ಬೇಡವೆಂದಾಯಿತು. ದೀಪ ಬರೆಯೋಣವೆಂದೆವು, ಅದು ಹಿಂದಿನ ವಾರವಷ್ಟೇ ಬೇರೊಂದು ಪದಕ್ಕೆ ಬಂದಿತ್ತು. ಇಶಾದ ಅದಾನ್ ಸಮೀಪಿಸುತ್ತಿತ್ತು. ಅಷ್ಟರವರೆಗೆ ಹಾಳೆಗಳಿಗೆ ಅಂಚುಗೆರೆ ಹಾಕಿ, ಮೂಲೆಯಲ್ಲಿ ತಾರೀಖು ಬರೆಯುವುದಷ್ಟೇ ದಾದಾರ ಪಾಲಿನ ಕೆಲಸವಾಗಿತ್ತು. ಅಂದು ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ರೂಲುದೊಣ್ಣೆ ಇಟ್ಟು ನಡುವೆ ಒಂದು ಉದ್ದಗೆರೆ, ಮೇಲೆ ಎರಡು ಅಡ್ಡಗೆರೆ ಎಳೆದರು. ಎಡಕ್ಕೊಂದು, ಬಲಕ್ಕೊಂದು ಅಂಕಣ. ತೆರೆದಿಟ್ಟ ಖಿರ್ದಿಯ ಎರಡು ಪುಟ. ಜಮಾ ಮತ್ತು ಖರ್ಚು. ಮಗ ಮೊದಲು ಅರ್ಥವಾಗದೆ ನೋಡಿದ. ಮಗಳಿಗೆ ಹೊಳೆಯಿತು. ಅವಳು ತನ್ನ ಎರಡು ಹೆಗಲುಗಳನ್ನೂ ಮುಟ್ಟಿಕೊಂಡಳು. ಮನುಷ್ಯನ ಒಳಿತು ಕೆಡುಕುಗಳನ್ನು ದಾಖಲಿಸುವ ಗೌರವಾನ್ವಿತ ಬರಹಗಾರರು, ಕಿರಾಮನ್ ಕಾತಿಬೀನ್. ದಾದಾ ಬಲದ ಅಂಕಣದಲ್ಲೂ ಎಡದ ಅಂಕಣದಲ್ಲೂ ಏನನ್ನೂ ಬರೆಯಲಿಲ್ಲ. ಮೂವತ್ತು ವರ್ಷ ಲೆಕ್ಕ ಬರೆದ ಕೈ ಅಂಕಣಗಳನ್ನು ಬರಿದೇ ಬಿಟ್ಟು ನಿಬ್ಬನ್ನು ಒರೆಸಿಟ್ಟಿತು.

ಮರುದಿನದ ‘ದೆವ್ವ’ ಮಗನ ಪಾಲಿಗೆ ಬಂತು. ನಿದ್ರಿಸುವವನ ತಲೆಯ ಹಿಂಬದಿಯಲ್ಲಿ ಶೈತಾನನು ಮೂರು ಗಂಟು ಹಾಕುತ್ತಾನೆಂದೂ ದೇವಸ್ಮರಣೆ, ವುಝೂ, ನಮಾಝ್‌ಗಳಿಂದ ಅವು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆಂದೂ ಹದೀಸ್‌ನಲ್ಲಿ ಬಂದಿರುವುದನ್ನು ಅವನು ಮದರಸಾದಲ್ಲಿ ಕೇಳಿದ್ದ. ತೆಂಗಿನ ನಾರಿನ ಒಂದು ಹಗ್ಗ ಬರೆದ. ಅದರಲ್ಲಿ ಎರಡು ಗಂಟು ಬಿಗಿದಿವೆ, ಒಂದು ಸಡಿಲವಾಗಿದೆ. ಫಜ್ರ್‌ಗೆ ಏಳಲು ಅವನು ಪಡುವ ಪಾಡನ್ನು ಬಲ್ಲ ನಾವು, ಒಂದು ಗಂಟಾದರೂ ಸಡಿಲವಾದುದಕ್ಕೆ ಅಲ್‌ಹಮ್ದುಲಿಲ್ಲಾಹ್ ಎಂದೆವು.

ಎಲ್ಲ ದಿನಗಳೂ ಹೀಗಿರಲಿಲ್ಲ. ಮೂರನೆಯ ವಾರದಲ್ಲಿ ಉತ್ಸಾಹ ಬತ್ತಿತು. ಆ ತಿಂಗಳು ಹೇಳದೆ ಕೇಳದೆ ಕರೆಂಟು ಹೋಗುತ್ತಿತ್ತು. ‘ಜೀನು’, ‘ಹಿಮ’, ‘ಸರಪಳಿ’ಗಳನ್ನೆಲ್ಲ ಬ್ಯಾಟರಿ ದೀಪದಲ್ಲಿ ಅವಸರವಾಗಿ ಮುಗಿಸಿದೆವು. ಹಿಮವೆಂದರೆ ಫ್ರಿಜ್ಜಿನ ಬಾಗಿಲು, ಅಷ್ಟೇ. ನಮ್ಮ ಮೈಸೂರಿನಲ್ಲೇ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರು 1951ರಲ್ಲಿ ಆರಂಭಿಸಿದ ದೈನಿಕ ವ್ಯಂಗ್ಯಚಿತ್ರವನ್ನು ಐದು ದಶಕಗಳಿಗೂ ಮಿಕ್ಕಿ ನಡೆಸಿದರೆಂಬುದನ್ನು ಮಕ್ಕಳಿಗೆ ಹೇಳಿದೆವು. ಅಷ್ಟು ವರ್ಷ ಮಸಿ, ಕುಂಚ, ಮತ್ತೆ ಮರುದಿನದ ಬೆಳಗಿನ ಪತ್ರಿಕೆ. ಮಗ ಲೆಕ್ಕ ಹಾಕಲು ಹೊರಟು ಅರ್ಧಕ್ಕೆ ಬಿಟ್ಟ. ನಮಾಝಿನ ಬಗ್ಗೆ ದಿನವೂ ಹೇಳಿಸಿಕೊಳ್ಳುವ ಮಕ್ಕಳಿಗೆ ನಿರಂತರತೆಯ ಉಪದೇಶವನ್ನು ಚಿತ್ರದ ನೆಪದಲ್ಲೂ ಮಾಡುವುದು ಬೇಡವೆಂದು ಅಲ್ಲಿಗೆ ಸುಮ್ಮನಾದೆವು.

ಚಿತ್ರಗಳನ್ನು ತೋರಿಸುವ ಮಾತಿನಲ್ಲೂ ದಾದಾರಿಗೆ ತಕರಾರಿತ್ತು. ಕೆಲಸಕ್ಕಿಂತ ಹೊಗಳಿಕೆಯ ಆಸೆ ಮುಂದಾದರೆ ಅದು ರಿಯಾ ಎಂದರು. ಹೀಗಾಗಿ ಅವು ಮೊಬೈಲಿಗೆ ಹೋಗದೆ ಪಡಸಾಲೆಯ ಹಗ್ಗಕ್ಕೆ ಬಂದವು. ಬಟ್ಟೆ ಒಣಗಿಸುವ ಕ್ಲಿಪ್ಪುಗಳಲ್ಲಿ ಒಂದೊಂದಾಗಿ ತೂಗಿದವು. ಹಾಲಿಗೆ ಬಂದವರು, ಕಾಯಿ ಕೀಳಲು ಬಂದವರು, ನೆರೆಯ ಮನೆಯ ಹುಡುಗ, ಎಲ್ಲರೂ ನೋಡಿದರು. ಪ್ರತಿ ಹಾಳೆಯ ಎಡಮೂಲೆಯಲ್ಲಿ ಮಗಳು ಕನ್ನಡದಲ್ಲಿ ಪದ ಬರೆದರೆ ಬಲಮೂಲೆಯಿಂದ ದಾದಾ ಉರ್ದುವಿನಲ್ಲಿ ತಾರೀಖು ಬರೆಯುತ್ತಿದ್ದರು. ಇದನ್ನು ನೋಡಿದ ಶಾಲೆಯ ಮೇಷ್ಟ್ರೊಬ್ಬರು ನಮಗೆ ಗೊತ್ತಿರದ ಸಂಗತಿ ಹೇಳಿದರು. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದರ ಲಿಪಿ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ. ಬರೆದವನ ಹೆಸರು ಚಪಡ. ಕೊನೆಯಲ್ಲಿ ಅವನು ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ದೂರದ ವಾಯವ್ಯದ ಲಿಪಿಯೊಂದು ನಮ್ಮ ದುರ್ಗದ ಬಂಡೆಯ ಮೇಲೆ ಬಂದು ಕುಳಿತಿದೆ. ದಾದಾ ಆ ರಾತ್ರಿ ಬಹಳ ಹೊತ್ತು ಅದನ್ನೇ ಮಾತಾಡಿದರು. ಚಪಡನೂ ಒಬ್ಬ ಗುಮಾಸ್ತನೇ ಅಲ್ಲವೇ ಎಂದರು.

28ರ ರಾತ್ರಿ ಚಂದ್ರಗ್ರಹಣವಿತ್ತು. ನಸುಕಿನ ಒಂದು ಗಂಟೆಯ ಬಳಿಕ ನೆರಳು ಚಂದ್ರನ ಒಂದು ಅಂಚನ್ನಷ್ಟೇ ಮುಟ್ಟಿತು. ನಮಾಝ್ ಮುಗಿಸಿ ಅಂಗಳದಲ್ಲಿ ನಿಂತಿದ್ದಾಗ ಮಗಳು ಹಾಳೆ ತಂದಳು. ಆ ದಿನದ ಪದ ‘ಮಿನುಗು’. ಮಸಿಯಲ್ಲಿ ಬೆಳಕನ್ನು ಬರೆಯುವ ದಾರಿ ಒಂದೇ, ಸುತ್ತಲಿನದನ್ನು ಕಪ್ಪಾಗಿಸಿ ಬೆಳಕಿನ ಜಾಗವನ್ನು ಮುಟ್ಟದೆ ಬಿಡುವುದು. ಅವಳು ಇಡೀ ಹಾಳೆಯನ್ನು ಕಪ್ಪು ಮಾಡಿ ಚಂದ್ರನನ್ನು ಬಿಳಿಯಾಗಿ ಉಳಿಸಿದಳು.

ಈಗ ಮಕ್ಕಳ ದಾದಿಯ ವಿಷಯ. ಮಾರಿಕಣಿವೆ ಕೋಡಿ ಬಿದ್ದ ವರ್ಷ, ಅದೇ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೊಳಲ್ಕೆರೆಯ ಕಡೆಯವರು. ಫೋಟೊ ತೆಗೆಸಿಕೊಳ್ಳಲು ಎಂದೂ ಒಪ್ಪಿದವರಲ್ಲ. ಮದುವೆಗಳಲ್ಲಿ ಕ್ಯಾಮೆರಾ ಕಂಡರೆ ಸೆರಗು ಮುಂದಕ್ಕೆ ಬರುತ್ತಿತ್ತು. ಉಳಿದಿರುವುದು ಆಧಾರ್ ಕಾರ್ಡಿನ ಮಸುಕು ಮುಖವೊಂದೇ, ಅದರಲ್ಲಿ ಅವರನ್ನು ನಾವೇ ಗುರುತು ಹಿಡಿಯುವುದು ಕಷ್ಟ. ಮೊದಲ ದಿನದ ‘ಕನಸು’ ಎಂಬ ಪದಕ್ಕೆ ಮಗಳು ನಿಜವಾಗಿ ಬರೆಯಬಯಸಿದ್ದು ದಾದಿಯ ಮುಖವನ್ನು. ದಿಂಬು ಅದರ ಬದಲಿಗೆ ಬಂದದ್ದು. ಇದು ನಮಗೆ ತಿಳಿದದ್ದು ತಿಂಗಳ ಕೊನೆಯ ವಾರದಲ್ಲಿ, ಅವಳು ದಾದಾರ ಎದುರೇ ಬಾಯಿ ಬಿಟ್ಟಾಗ. “ಆಧಾರ್ ಕಾರ್ಡಿನಲ್ಲಿ ದಾದಿಯ ಮುಖ ಇರಬಹುದು, ನನ್ನ ಹಾಳೆಯಲ್ಲಿ ಏಕೆ ಇರಬಾರದು?” ಎಂದಳು. “ಅದು ಅಗತ್ಯಕ್ಕೆ ಬೇಟಿ, ಇದು ಆಸೆಗೆ” ಎಂದರು ದಾದಾ. “ನಾನು ಮರೆಯುತ್ತಿದ್ದೇನೆ ದಾದಾ. ಹಣೆ ಹೇಗಿತ್ತೆಂದು ಈಗಾಗಲೇ ಮರೆತಿದೆ. ಅದು ಅಗತ್ಯವಲ್ಲವೇ?” ಎಂದು ಅವಳು ಅತ್ತಳು.

ಆ ಮಾತಿಗೆ ಪಡಸಾಲೆಯಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. ಗಂಡನಾದ ಅವರಿಗೂ, ಮಕ್ಕಳು ಸೊಸೆಯರಾದ ನಮಗೂ ಅದೇ ಮರೆವಿನ ಭಯವಿತ್ತು. ದಾದಾ ತಮ್ಮ ನಿಲುವು ಬಿಡಲಿಲ್ಲ. ಆದರೆ ಎದ್ದು ಹೋಗಿ ಕಪಾಟಿನಿಂದ ದಾದಿಯ ವಸ್ತುಗಳನ್ನು ಒಂದೊಂದಾಗಿ ತಂದು ಮೊಮ್ಮಗಳ ಮುಂದೆ ಇಟ್ಟರು. ಒಂದು ಕಡ್ಡಿಗೆ ದಾರ ಸುತ್ತಿದ್ದ ಕನ್ನಡಕ. ಹಿತ್ತಾಳೆಯ ಎಲೆಯಡಿಕೆ ಡಬ್ಬಿ, ಅಡಕತ್ತರಿ. ಮಣಿ ಎರಡು ಕಡಿಮೆಯಿರುವ ತಸ್ಬೀಹ್. ಎಡಗಾಲಿನ ಹಿಮ್ಮಡಿ ಮಾತ್ರ ಸವೆದ ಚಪ್ಪಲಿ. ಉಳಿದ ದಿನಗಳಿಗೆ ಇವೇ ಸಾಮಗ್ರಿಯಾದವು. ‘ತೆಗೆ’ ಎಂಬ ಪದಕ್ಕೆ ಬಾಗಿಲ ಬಳಿ ಬಿಟ್ಟ ಚಪ್ಪಲಿ. ‘ಮೃಗ’ದ ದಿನ ಅವರು ಹಾಲು ಕರೆಯುತ್ತಿದ್ದ ಎಮ್ಮೆಯ ಕೊರಳ ಗಂಟೆ. ‘ಬೃಹತ್’ ಎಂಬುದಕ್ಕೆ ಈದ್‌ನ ಬಿರಿಯಾನಿಗೆ ಅವರು ಮಾತ್ರ ಇಳಿಸಬಲ್ಲವರಾಗಿದ್ದ ದೇಗ್. 31ರ ‘ಬೆಂಕಿ’ಗೆ ಹಿತ್ತಲಿನ ಒಲೆ, ಪಕ್ಕದಲ್ಲಿ ಊದುಕೊಳವೆ.

ಮುಖವನ್ನೂ ಅವಳು ಬರೆದಳು. ಪಡಸಾಲೆಯ ಹಾಳೆಯಲ್ಲಲ್ಲ, ತನ್ನ ಸ್ವಂತ ಪುಸ್ತಕದಲ್ಲಿ, ಕರಾರು ಮುಗಿದ ಮೇಲೆ. ನಾವು ಅವಳನ್ನು ತಡೆಯಲಿಲ್ಲ. ತಡೆಯಬೇಕಿತ್ತೆನ್ನುವ ಓದುಗರು ಇರಬಹುದು, ಅವರ ಮಾತನ್ನು ಗೌರವದಿಂದಲೇ ಕೇಳುತ್ತೇವೆ. ಗುಟ್ಟಾಗಿಡುವುದು ಅವಳ ಸ್ವಭಾವವಲ್ಲ. ನವೆಂಬರ್ ಮೊದಲ ವಾರ ದಾದಾ ಕಾಯಿ ಎಣಿಸುತ್ತಿದ್ದಾಗ ಹೋಗಿ ಹೇಳಿದಳು. ಅವರು ಎಣಿಕೆ ನಿಲ್ಲಿಸಲಿಲ್ಲ. ನೂರು ಮುಗಿಸಿ, ಗೆರೆ ಎಳೆದು, “ಬಲಗಿವಿಯ ತೂತು ಹರಿದಿತ್ತು. ಬರೆದೆಯಾ?” ಎಂದು ಕೇಳಿದರು. ಬರೆದಿದ್ದೇನೆ ಎಂದಳು. ತೋರಿಸು ಎಂದು ಅವರು ಕೇಳಲಿಲ್ಲ, ಹರಿದುಹಾಕು ಎಂದೂ ಹೇಳಲಿಲ್ಲ. ಮುಂದಿನ ನೂರು ಎಣಿಸತೊಡಗಿದರು.

ಮೂವತ್ತೊಂದು ಹಾಳೆಗಳನ್ನು ದಾದಾ ದಪ್ಪ ದಾರದಿಂದ ಖಿರ್ದಿಯಂತೆ ಹೊಲಿದು ಕೊಟ್ಟಿದ್ದಾರೆ. ಅದು ಪಡಸಾಲೆಯ ಗೂಡಿನಲ್ಲಿದೆ. ಮಗಳ ಪುಸ್ತಕ ಅವಳ ಪೆಟ್ಟಿಗೆಯಲ್ಲಿದೆ. ಅರೆದ ಮಸಿ ಸೀಸೆಯ ತಳದಲ್ಲಿ ಒಂದು ಬೆರಳಿನಷ್ಟು ಉಳಿದು ಗಟ್ಟಿಯಾಗಿತ್ತು. ನೀರು ಬೆರೆಸಿ ತಿರುವಿದರೆ ಮತ್ತೆ ಕರಗುತ್ತದೆಂದು ದಾದಾ ಹೇಳಿದರು, ಮಗ ತಿರುವಿ ನೋಡಿದ, ಕರಗಿತು.